ದೂರದರ್ಶಕದ ಸಾಕ್ಷ್ಯ ಮತ್ತು ಅದರ ಮಿತಿ: 1951ರ ಪೋಲೋ ಗ್ರೌಂಡ್ಸ್ ಪಂದ್ಯದ ಮರುಪರಿಶೀಲನೆ

1951ರ ಅಕ್ಟೋಬರ್ 3ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಬ್ರೂಕ್ಲಿನ್ ಡಾಡ್ಜರ್ಸ್ ತಂಡವನ್ನು 5–4ರಿಂದ ಮಣಿಸಿದ ಬೇಸ್‌ಬಾಲ್ ಪಂದ್ಯದ ಚರ್ಚೆ, ಜೋಶುವಾ ಪ್ರೇಗರ್ 2001ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ಗೆ ಬರೆದ ಲೇಖನದ ನಂತರ ಒಂದೇ ಜಾಡು ಹಿಡಿದಿದೆ. ಕ್ಯಾಚರ್, ಅಂದರೆ ಬ್ಯಾಟರ್‌ನ ಹಿಂದೆ ಕುಳಿತು ಯಾವ ಬಗೆಯ ಎಸೆತ ಬೇಕೆಂದು ಬೆರಳುಗಳಿಂದ ಸೂಚಿಸುವ ಆಟಗಾರ, ನೀಡುವ ಸಂಜ್ಞೆಗಳನ್ನು ಜೈಂಟ್ಸ್ ತಂಡ ದೂರದರ್ಶಕದಿಂದ ಓದುತ್ತಿತ್ತೆಂಬುದನ್ನು ಪ್ರೇಗರ್ ಆಟಗಾರರ ಹೇಳಿಕೆಗಳಿಂದಲೇ ಸ್ಥಾಪಿಸಿದರು. ಅವರ ಹೆಸರಿನ ಆಸರೆ ಪಡೆದ ಕೆಲವರು, ಜೈಂಟ್ಸ್ ಬ್ಯಾಟರ್ ಬಾಬಿ ಥಾಮ್ಸನ್‌ರ ನಿರ್ಣಾಯಕ ಹೋಮ್ ರನ್ ಕದ್ದ ಸಂಜ್ಞೆಯ ಫಲವೆಂದೇ ತೀರ್ಪು ಕೊಟ್ಟರು. ಮೊದಲನೆಯದು ಸಾಬೀತಾದ ಸಂಗತಿ. ಎರಡನೆಯದು ಬರಿಯ ಊಹೆ.

ದೂರದರ್ಶಕದ ಈ ಗುಟ್ಟು 2001ರಲ್ಲಿ ಮೊದಲ ಬಾರಿಗೆ ಬಯಲಾಯಿತೆಂಬ ಮಾತೂ ಪೂರ್ತಿ ಸರಿಯಲ್ಲ. ಅಸೋಸಿಯೇಟೆಡ್ ಪ್ರೆಸ್ 1962ರಲ್ಲೇ ಇದನ್ನು ವರದಿ ಮಾಡಿತ್ತು. ಆ ವರದಿ ಅಲಕ್ಷ್ಯಕ್ಕೆ ಒಳಗಾಯಿತು. ವ್ಯವಸ್ಥೆ ಹೀಗಿತ್ತು: ಮೈದಾನದ ಮಧ್ಯಭಾಗದ ಆಚೆಗಿದ್ದ ಕ್ಲಬ್‌ಹೌಸಿನ ಕಿಟಕಿಯಿಂದ ತರಬೇತುದಾರ ಹರ್ಮನ್ ಫ್ರ್ಯಾಂಕ್ಸ್ ಸಂಜ್ಞೆಯನ್ನು ಓದಿ ವಿದ್ಯುತ್ ಗಂಟೆಯ ಮೂಲಕ ಬುಲ್‌ಪೆನ್‌ಗೆ, ಎಂದರೆ ಬದಲಿ ಪಿಚರ್‌ಗಳು ಸಿದ್ಧರಾಗುವ ಜಾಗಕ್ಕೆ, ತಿಳಿಸುತ್ತಿದ್ದರು; ಅಲ್ಲಿದ್ದ ತಂಡದ ಆಟಗಾರ ಸಾಲ್ ಐವಾರ್ಸ್ ಅದನ್ನು ಹಾವಭಾವದಿಂದ ಬ್ಯಾಟರ್‌ಗೆ ದಾಟಿಸುತ್ತಿದ್ದರು.

ವಿವಾದದ ಗಂಟು ಇರುವುದು ಐವಾರ್ಸ್ ಅವರ ಸಾಕ್ಷ್ಯದಲ್ಲಿ. ಹೋಮ್ ರನ್ ಆದ ಎಸೆತದ ಸಂಜ್ಞೆಯನ್ನು ತಾವು ದಾಟಿಸಿದ್ದಾಗಿ ಅವರು ಹೇಳಿದರು; ಬೇರೆ ಸಂದರ್ಭಗಳಲ್ಲಿ ಸಂಜ್ಞೆ ಪಡೆದುದನ್ನು ಒಪ್ಪಿದ ಥಾಮ್ಸನ್, ಆ ಎಸೆತದ ಮಟ್ಟಿಗೆ ಅದನ್ನು ನಿರಾಕರಿಸಿದರು. ಇಬ್ಬರಲ್ಲಿ ಒಬ್ಬರು ಸುಳ್ಳಾಡಿದರೆಂದು ಭಾವಿಸಬೇಕಾದ ಅಗತ್ಯವಿಲ್ಲ, ಏಕೆಂದರೆ ಸಂಜ್ಞೆ ಕಳಿಸಿದ್ದು ಒಂದು ಘಟನೆಯಾದರೆ ಅದು ತಲುಪಿದ್ದು ಇನ್ನೊಂದು. ಕಳಿಸಿದವನ ಮಾತು ತಲುಪಿದ್ದಕ್ಕೆ ಪುರಾವೆಯಾಗದು.

ಆದುದರಿಂದ ಎಸೆತಗಳನ್ನೇ ನೋಡಬೇಕು. ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್ 4–2ರಿಂದ ಮುಂದಿದ್ದು, ಇಬ್ಬರು ಓಟಗಾರರು ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿದ್ದಾಗ ಆ ತಂಡದ ಪಿಚರ್ ಡಾನ್ ನ್ಯೂಕಮ್ ಬದಲಿಗೆ ರಾಲ್ಫ್ ಬ್ರಾಂಕಾ ಚೆಂಡೆಸೆಯಲು ಬಂದರು. ಅವರ ಮೊದಲ ವೇಗದ ಎಸೆತ ಹೊಡೆಯಲು ಅನುಕೂಲವಾದ ಜಾಗಕ್ಕೇ ಬಂದರೂ ಥಾಮ್ಸನ್ ಬ್ಯಾಟು ಬೀಸದೆ ಬಿಟ್ಟರು. ಅವರು ಬಾರಿಸಿದ್ದು ಎತ್ತರಕ್ಕೆ, ಮೈಯತ್ತ ಬಂದ ಎರಡನೆಯ ಎಸೆತವನ್ನು; ಮುಂದೆ ತಿರುವು ಎಸೆತ ಹಾಕಲು ಭೂಮಿಕೆಯಾಗಿ ಬ್ರಾಂಕಾ ಎಸೆದದ್ದು ಅದು. ಸಂಜ್ಞೆ ಮೊದಲೇ ತಿಳಿದಿದ್ದ ಬ್ಯಾಟರ್ ಸುಲಭದ ಚೆಂಡನ್ನು ಬಿಟ್ಟು ಕಷ್ಟದ್ದನ್ನು ಆರಿಸಿದ್ದೇಕೆ ಎಂಬ ಪ್ರಶ್ನೆಗೆ ಊಹಾವಾದಿಗಳು ಉತ್ತರಿಸಿಲ್ಲ. ಮೇಲಾಗಿ ಎರಡನೆಯ ಬೇಸ್‌ನಲ್ಲಿ ಓಟಗಾರನಿದ್ದಾಗ, ಅವನಿಗೆ ಅರ್ಥವಾಗದಿರಲೆಂದು ಕ್ಯಾಚರ್‌ಗಳು ಸಂಜ್ಞೆಗಳನ್ನು ಸರಣಿಯಾಗಿ ನೀಡುವುದು ರೂಢಿ. ಅಂಥ ಸರಣಿಯಲ್ಲಿ ನಿಜವಾದದ್ದು ಯಾವುದೆಂದು ದೂರದರ್ಶಕ ತಾನಾಗಿ ಹೇಳದು.

ಅಕ್ಟೋಬರ್ 3ರ ಪಂದ್ಯ ಮೂರು ಪಂದ್ಯಗಳ ಸರಣಿಯ ಕೊನೆಯದು; ಅದರ ಉಳಿದೆರಡು ಪಂದ್ಯಗಳೂ ಎಚ್ಚರಿಕೆಯನ್ನೇ ಹೇಳುತ್ತವೆ. ಅಕ್ಟೋಬರ್ 1ರಂದು ಡಾಡ್ಜರ್ಸ್ ತಂಡದ ಎಬೆಟ್ಸ್ ಫೀಲ್ಡ್‌ನಲ್ಲಿ, ಪೋಲೋ ಗ್ರೌಂಡ್ಸ್‌ನ ಈ ಏರ್ಪಾಡಿನ ನೆರವಿಲ್ಲದೆ, ಥಾಮ್ಸನ್ ಇದೇ ಬ್ರಾಂಕಾ ಎಸೆತಕ್ಕೆ ಹೋಮ್ ರನ್ ಬಾರಿಸಿದ್ದರು. ಮರುದಿನ ಪೋಲೋ ಗ್ರೌಂಡ್ಸ್‌ನಲ್ಲಿಯೇ ಜೈಂಟ್ಸ್ 10–0ರಿಂದ ಸೋತಿತು.

ಇದರಿಂದ ಜೈಂಟ್ಸ್ ತಂಡದ ನಡತೆ ನಿರ್ದೋಷವಾಗುವುದಿಲ್ಲ, ಇಡೀ ಋತುವಿನಲ್ಲಿ ಸಂಜ್ಞೆಗಳ್ಳತನದಿಂದ ಲಾಭವೇ ಆಗಲಿಲ್ಲವೆಂದೂ ಸಾಧಿತವಾಗುವುದಿಲ್ಲ. ಆದರೆ ಒಂದು ತಂಡದ ರೂಢಿಯನ್ನು ಒಂದು ಎಸೆತದ ಕಾರಣವೆಂದು ಬರೆಯಲು ಇರುವ ಆಧಾರ ಸಾಲದು. ಸಾಲುವ ಆಧಾರ ಸಿಗುವ ತನಕ ಆ ಹೋಮ್ ರನ್ ಥಾಮ್ಸನ್ ಅವರದೇ.