ಏಕವೇಣಿ, ಜಟೆ, ಜಡೆ: ಬಿಚ್ಚದ ಹೆರಳಿನ ಚರಿತ್ರೆಗೆ ಒಂದು ಟಿಪ್ಪಣಿ

ಕನ್ನಡದ ‘ಜಡೆ’ ಎಂಬ ಶಬ್ದವು ಎರಡು ವಸ್ತುಗಳನ್ನು ಸೂಚಿಸುತ್ತದೆ. ಬಾಚಿ, ಮೂರು ಎಳೆಯಾಗಿ ಸೀಳಿ, ಒಂದರ ಮೇಲೊಂದನ್ನು ಹಾಯಿಸಿ ಹೆಣೆದ ಹೆಂಗಸರ ಹೆರಳು ಒಂದು; ಬಾಚದೆ, ಬಿಡಿಸದೆ, ತಾನಾಗಿ ಗಂಟುಗಟ್ಟಿ ಹಗ್ಗದಂತಾದ ತಪಸ್ವಿಯ ಕೂದಲು ಇನ್ನೊಂದು. ಮೂಲವಾದ ಸಂಸ್ಕೃತದ ‘ಜಟಾ’ ಶಬ್ದದಲ್ಲಿ ಎರಡನೆಯ ಅರ್ಥವೇ ಪ್ರಧಾನ. ಅದರ ತದ್ಭವವು ಕನ್ನಡದಲ್ಲಿ ಎರಡನ್ನೂ ಹೊತ್ತುಕೊಂಡಿದೆ. ತಮಿಳಿನ ‘ಸಡೈ’, ತೆಲುಗಿನ ‘ಜಡ’ ಶಬ್ದಗಳೂ ಇದೇ ಹಾದಿ ಹಿಡಿದಿವೆ. ಮರಾಠಿಯಲ್ಲಿ ಹಾಗಲ್ಲ. ಅಲ್ಲಿ ಗಂಟುಗಟ್ಟಿದ್ದು ‘ಜಟ’, ಹೆಣೆದದ್ದು ‘ವೇಣಿ’. (ಮುಡಿಯುವ ಹೂಮಾಲೆಗೂ ಅಲ್ಲಿ ವೇಣಿಯೆಂದೇ ಹೆಸರು, ಪುಣೆ ಮುಂಬಯಿಗಳಲ್ಲಿರುವ ಕನ್ನಡಿಗರು ಇದನ್ನು ದಿನವೂ ಕೇಳುತ್ತಾರೆ.) ಕನ್ನಡಕ್ಕೆ ಪದದಾರಿದ್ರ್ಯವಿತ್ತೆಂದು ಹೇಳುವಂತಿಲ್ಲ. ಹೆರಳು, ಮುಡಿ, ತುರುಬು, ಕುರುಳು, ಸೋರ್ಮುಡಿ ಎಂದು ಕೂದಲಿನ ಒಂದೊಂದು ಅವಸ್ಥೆಗೂ ನಮ್ಮಲ್ಲಿ ಮಾತುಗಳಿವೆ. ಆದರೂ ಅಂದವಾಗಿ ಹೆಣೆದದ್ದಕ್ಕೂ ಕೆಟ್ಟು ಗಂಟಾದದ್ದಕ್ಕೂ ಒಂದೇ ಹೆಸರು ನಿಂತಿತು.

ಇದಕ್ಕೆ ಧ್ವನಿವ್ಯತ್ಯಾಸದ ಸೂತ್ರಗಳಲ್ಲಿ ಉತ್ತರ ಸಿಗಲಾರದು. ವಸ್ತುವಿನ ಸ್ವಭಾವದಲ್ಲಿ ಸಿಗಬಹುದು. ಹೆಣೆದ ಜಡೆಯನ್ನು ಬಿಚ್ಚದೆ ಬಿಟ್ಟರೆ ಅದು ಜಟೆಯಾಗುತ್ತದೆ. ಎರಡು ಅರ್ಥಗಳ ನಡುವೆ ಇರುವುದು ಕೆಲವು ದಿನಗಳ ಅಂತರ. ಎಷ್ಟು ದಿನ, ಯಾವ ಸ್ಥಿತಿಯಲ್ಲಿ ಎಂಬ ಪ್ರಶ್ನೆಯನ್ನು ನಮ್ಮ ಸಾಹಿತ್ಯಚರಿತ್ರೆಕಾರರು ಅಡುಗೆಮನೆಯ ಹಿತ್ತಿಲಿನ ವಿಷಯವೆಂದು ಬದಿಗಿರಿಸಿದಂತೆ ತೋರುತ್ತದೆ. ಆದರೆ ಕವಿಗಳು ಹಾಗೆ ಬದಿಗಿರಿಸಿರಲಿಲ್ಲ.

ಕಾಳಿದಾಸನ ಮೇಘದೂತವನ್ನೇ ನೋಡಬಹುದು. ಯಕ್ಷನ ಶಾಪದ ಅವಧಿ ಒಂದು ವರ್ಷ. ಮೇಘವನ್ನು ಕಾಣುವಾಗ ಇನ್ನು ನಾಲ್ಕು ತಿಂಗಳು ಉಳಿದಿವೆ. ಅಂದರೆ ಎಂಟು ತಿಂಗಳು ಕಳೆದಿವೆ. ಅಗಲಿದ ಮೊದಲ ದಿನ ಹೂಮಾಲೆಯಿಲ್ಲದೆ ಕಟ್ಟಿಕೊಂಡ ಒಂಟಿ ಹೆರಳನ್ನು ಅವನ ಪತ್ನಿ ಬಿಚ್ಚಿಲ್ಲ. ಶಾಪ ತೀರಿದ ಮೇಲೆ ಅವನೇ ಬಿಚ್ಚಬೇಕು. ಆ ಹೆರಳು ಈಗ ಹೇಗಾಗಿದೆಯೆಂಬುದನ್ನು ಕವಿ ಮುಚ್ಚಿಟ್ಟಿಲ್ಲ: ಮುಟ್ಟಿದರೆ ನೋಯುತ್ತದೆ, ಗಡುಸಾಗಿದೆ, ಏರುತಗ್ಗಾಗಿದೆ; ಉಗುರು ಕತ್ತರಿಸದ ಕೈಯಿಂದ ಅವಳು ಅದನ್ನು ಕೆನ್ನೆಯ ಮೇಲಿನಿಂದ ಮತ್ತೆ ಮತ್ತೆ ಸರಿಸುತ್ತಾಳೆ. ಮುಂಗುರುಳು ಒರಟಾದುದಕ್ಕೆ ಕಾರಣವನ್ನೂ ಹೇಳುತ್ತಾನೆ. ಎಣ್ಣೆ ಸುಗಂಧಗಳಿಲ್ಲದ ಬರಿಯ ನೀರಿನ ಸ್ನಾನ ಆ ಕಾರಣ. ಇದೇ ಕಾವ್ಯದ ಪೂರ್ವಭಾಗದಲ್ಲಿ ಉಜ್ಜಯಿನಿಯ ಹೆಂಗಸರು ಕೂದಲಿಗೆ ಹಿಡಿಯುವ ಧೂಪದ ಹೊಗೆ ಕಿಟಕಿಗಳಿಂದ ಹೊರಬಂದು ಮೇಘದ ಮೈಯನ್ನು ತುಂಬುತ್ತದೆ. ಪೋಷಿತವಾದ ಕೂದಲು, ಪೋಷಣೆ ತಪ್ಪಿದ ಕೂದಲು ಎರಡನ್ನೂ ಒಂದೇ ಕಾವ್ಯದಲ್ಲಿ ಇಟ್ಟವನು ಇವುಗಳ ಕಾರ್ಯಕಾರಣವನ್ನು ಬಲ್ಲವನೇ ಆಗಿರಬೇಕು.

ಈ ವರ್ಣನೆಯನ್ನು ಇಂದಿನ ತಿಳಿವಳಿಕೆಯೊಡನೆ ಹೋಲಿಸಿದರೆ ಅದರ ನಿಖರತೆ ಇನ್ನೂ ಸ್ಪಷ್ಟವಾಗುತ್ತದೆ. ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿದ್ದು, ದಿನಕ್ಕೆ ೫೦ರಿಂದ ೧೦೦ ಉದುರುವುದು ಸಹಜ. ದಿನವೂ ಬಾಚುವವರಿಗೆ ಅವು ಬಾಚಣಿಗೆಯಲ್ಲಿ ಬಂದುಹೋಗುತ್ತವೆ. ಹೆಣೆದು ಬಿಟ್ಟವರಲ್ಲಿ ಹೆರಳಿನೊಳಗೇ ಉಳಿದು, ಇರುವ ಕೂದಲನ್ನು ಸುತ್ತಿಕೊಳ್ಳುತ್ತವೆ. ಐದು ದಿನದ ಜಡೆಯಲ್ಲಿ ಇಂಥವು ೨೫೦ರಿಂದ ೫೦೦. ಬಿಚ್ಚಿದಾಗ ಕೈತುಂಬ ಬಂದರೂ ಅದು ನಷ್ಟವಲ್ಲ, ಐದು ದಿನದ ಲೆಕ್ಕ ಒಟ್ಟಿಗೆ ಬಂದದ್ದು ಮಾತ್ರ. ಎಂಟು ತಿಂಗಳಲ್ಲಿ ಇದು ಹನ್ನೆರಡು ಸಾವಿರವನ್ನು ಮೀರುತ್ತದೆ. ಜೊತೆಗೆ ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದಲ್ಲಿ ಎಂಟು ಸೆಂಟಿಮೀಟರಿನಷ್ಟು ಹೊಸ ಕೂದಲು ಹೆಣಿಗೆಗೆ ಸೇರದೆ ಸಡಿಲವಾಗಿ ನಿಂತು, ಅಲ್ಲಿಯೇ ಮೊದಲು ಗಂಟು ಬೀಳುತ್ತದೆ. ಬುಡದಲ್ಲಿ ಗಂಟು, ಕೆಳಗೆ ಹೆಣಿಗೆ: ಏರುತಗ್ಗೆಂಬ ವಿಶೇಷಣಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಕಾಣದು.

ಆದರೆ ಏಕವೇಣಿಯೆಂದ ಕಡೆಯಲ್ಲೆಲ್ಲ ಅರ್ಥ ಒಂದೇ ಎಂದು ತಿಳಿಯಬಾರದು. ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಕಾಣುವ ಶಕುಂತಲೆಯೂ ಏಕವೇಣಿಯೇ. ಅವಳ ಮಗ ಆ ಹೊತ್ತಿಗೆ ಸಿಂಹದ ಮರಿಯ ಬಾಯಿ ಬಿಡಿಸಿ ಹಲ್ಲೆಣಿಸುವಷ್ಟು ಬೆಳೆದಿದ್ದಾನೆ. ಅಷ್ಟು ವರ್ಷ ಬಿಚ್ಚದ ಹೆರಳು ಹೆರಳಾಗಿ ಉಳಿಯುವುದು ಅಸಾಧ್ಯ. ಅಲ್ಲಿ ಏಕವೇಣಿಯೆಂದರೆ ಅಲಂಕಾರವಿಲ್ಲದ ಒಂಟಿ ಜಡೆ ಎಂಬ ವೇಷಸೂಚನೆಯೇ ಹೊರತು ಎಂದೂ ಬಿಚ್ಚದ ಜಡೆಯಲ್ಲ. ವಾಲ್ಮೀಕಿಯ ಸುಂದರಕಾಂಡದಲ್ಲಿ ಸೀತೆಗೆ ರಾವಣನಿತ್ತ ಹನ್ನೆರಡು ತಿಂಗಳ ಗಡುವಿನಲ್ಲಿ ಎರಡು ಉಳಿದಿವೆ. ಅವಳ ಒಂದೇ ಹೆರಳು ಕರಿನಾಗರದಂತೆ ಸೊಂಟದವರೆಗೆ ಇಳಿದಿದೆ. ಆ ಹೆರಳಿನಿಂದಲೇ ಕುತ್ತಿಗೆಗೆ ಬಿಗಿದುಕೊಂಡು ಪ್ರಾಣ ಬಿಡುವೆನೆಂದು ಅವಳು ಯೋಚಿಸುವ ಗಳಿಗೆಯೂ ಬರುತ್ತದೆ. ಹಾವಿನ ನುಣುಪೂ ಹಗ್ಗದ ಗಟ್ಟಿತನವೂ ಒಂದೇ ಕೂದಲಿಗೆ ಸಂದಿವೆ. ಇಲ್ಲಿ ವಾಲ್ಮೀಕಿಗೆ ಬೇಕಾದದ್ದು ಉಪಮೆ. ಕಾಳಿದಾಸನಿಗೆ ಬೇಕಾದದ್ದು ಸ್ಪರ್ಶ.

ಕನ್ನಡ ಕಾವ್ಯಗಳಿಗೆ ಬಂದರೆ ಸಂಕೇತವು ತಿರುವುಮುರುವಾಗುತ್ತದೆ. ಇಲ್ಲಿ ಬಿಚ್ಚದ ಜಡೆಗಿಂತ ಕಟ್ಟದ ಮುಡಿಯೇ ಮುಖ್ಯ. ಆನಂದವರ್ಧನನ ಕಾಲಕ್ಕಾಗಲೇ ಪ್ರಸಿದ್ಧವಾಗಿದ್ದ ಭಟ್ಟನಾರಾಯಣನ ವೇಣೀಸಂಹಾರದ ನೆರಳು ಪಂಪ ರನ್ನರಿಬ್ಬರ ಮೇಲೂ ಇದೆ. ೯೪೧ರ ವಿಕ್ರಮಾರ್ಜುನವಿಜಯದಲ್ಲಿ ದುಶ್ಶಾಸನನನ್ನು ಕೊಂದ ಭೀಮನು ದ್ರೌಪದಿಯ ಮುಡಿಯನ್ನು ಕಟ್ಟುತ್ತ, ಭಾರತಕ್ಕೆ ಆದಿಯಾದದ್ದೇ ಈ ಕೇಶಪಾಶವೆಂಬ ಭಾವದ ಮಾತನ್ನಾಡುತ್ತಾನೆ. ರನ್ನನ ಸಾಹಸಭೀಮವಿಜಯದಲ್ಲಂತೂ ಆ ಮುಡಿ ಕೃತಿಯ ಕ್ರಿಯೆಗೇ ಕೇಂದ್ರ. ಹದಿಮೂರು ವರ್ಷ ಮೀರಿ ಬಿಟ್ಟ ಕೂದಲು ಎಂಥ ಸ್ಥಿತಿಗೆ ಬಂದೀತೆಂಬ ಯೋಚನೆ ಈ ಮಹಾಕವಿಗಳನ್ನು ತಡೆಯಲಿಲ್ಲ. ಪಂಪನಲ್ಲಿ ಅದು ಕಡೆಗೂ ಒಂದು ರಾಜಚಕ್ರವನ್ನೇ ಅಡಗಿಸಬಲ್ಲ ಕೇಶಪಾಶವಾಗಿಯೇ ಉಳಿಯುತ್ತದೆ. ಶೂನ್ಯಸಂಪಾದನೆಯ ಅಕ್ಕಮಹಾದೇವಿಯಲ್ಲಿ ಮೂರನೆಯ ಬಗೆಯೊಂದಿದೆ: ಬಿಟ್ಟ ಕೂದಲು ಮೈಯನ್ನು ಮರೆಮಾಡಿದೆ, ಕಟ್ಟುವ ಕೈಯನ್ನು ಅವಳು ಕಾಯುತ್ತಿಲ್ಲ, ಆ ಮರೆಯೂ ಏಕೆಂದು ಅಲ್ಲಮನು ಕೇಳುತ್ತಾನೆ.

ಯಕ್ಷಪತ್ನಿಯ ಬಿಚ್ಚದ ಹೆರಳಿಗೂ ದ್ರೌಪದಿಯ ಕಟ್ಟದ ಮುಡಿಗೂ ಸಮಾನವಾದದ್ದು ಒಂದೇ: ಸ್ಥಿತಿಯನ್ನು ಬದಲಿಸುವ ಅಧಿಕಾರ ಗಂಡನ ಕೈಯಲ್ಲಿದೆ. ಇದು ಕವಿಸಮಯವಷ್ಟೇ ಅಲ್ಲ. ಆಶ್ವಲಾಯನ ಗೃಹ್ಯಸೂತ್ರದ ವಿವಾಹವಿಧಿಯಲ್ಲಿ ವಧುವಿನ ತಲೆಯ ಎರಡು ಬದಿಗೆ ಉಣ್ಣೆಯಿಂದ ಕಟ್ಟಿದ ಶಿಖೆಗಳಿದ್ದರೆ ವರನು ಅವನ್ನು ಬಿಚ್ಚಬೇಕು. ಸೀಮಂತೋನ್ನಯನದಲ್ಲಿ ಗರ್ಭಿಣಿಯ ಬೈತಲೆಯನ್ನು ಮುಳ್ಳುಹಂದಿಯ ಮುಳ್ಳಿನಿಂದ ತೆಗೆಯುವವನೂ ಪತಿಯೇ. ಶಾಸ್ತ್ರವು ವರ್ಷದಲ್ಲಿ ಒಮ್ಮೆಯೋ ಬಾಳಿನಲ್ಲಿ ಒಮ್ಮೆಯೋ ಗಂಡನಿಗೆ ಕೊಟ್ಟ ಕೆಲಸವನ್ನು ಉಳಿದೆಲ್ಲ ದಿನ ಮಾಡಿದವರು ಅತ್ತೆ, ತಾಯಿ, ಅಕ್ಕತಂಗಿಯರು. ಅವರ ಜ್ಞಾನಕ್ಕೆ ಸೂತ್ರಗ್ರಂಥವಿಲ್ಲ. ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದ ಸ್ನಾನಭೋಗದಲ್ಲಿ ಹೂಗಳಿಂದ ವಾಸನೆಗೊಳಿಸಿದ ಎಳ್ಳೆಣ್ಣೆಯ ಪ್ರಸ್ತಾಪವಿದೆ. ಆದರೆ ಅದು ಅರಸನ ಅಭ್ಯಂಜನ.

ಗ್ರಂಥಸ್ಥವಾಗದ ಆ ಜ್ಞಾನವನ್ನು ಮನೆಯ ರೂಢಿಯಿಂದಲೇ ತೆಗೆಯಬೇಕು. ಕನ್ನಡನಾಡಿನ ಮನೆಗಳಲ್ಲಿ ಹೆಂಗಸರು ತಲೆಗೆ ಎರೆದುಕೊಳ್ಳುವ ದಿನಕ್ಕೆ ವಾರದ ಕಟ್ಟಿತ್ತು. ಒಂದು ಎರೆತಕ್ಕೂ ಮುಂದಿನದಕ್ಕೂ ನಡುವೆ ಜಡೆ ಕೆಲವು ದಿನ ಬಿಚ್ಚದೆ ಉಳಿಯುವುದು, ಮುಖ್ಯವಾಗಿ ಕೊಯ್ಲಿನ ಕಾಲದಲ್ಲಿ, ಬಾಣಂತನದಲ್ಲಿ, ಯಾತ್ರೆಯಲ್ಲಿ, ಮದುವೆಯ ಮನೆಗಳಲ್ಲಿ ಸಾಮಾನ್ಯವಾಗಿತ್ತು. ಅದಕ್ಕೆ ಮಾಡುತ್ತಿದ್ದ ಸಿದ್ಧತೆ ಅರ್ಥವತ್ತಾದದ್ದು. ಸೀಗೆಕಾಯಿ ಹಾಕಿ ತೊಳೆದ ಕೂದಲನ್ನು ಮೊದಲು ಪೂರ್ತಿ ಒಣಗಿಸಬೇಕು. ಇದಕ್ಕೇ ಬಿಸಿಲು, ಇದಕ್ಕೇ ಸಾಂಬ್ರಾಣಿಯ ಹೊಗೆ. ಒದ್ದೆ ಕೂದಲು ನೀರು ಕುಡಿದು ಉಬ್ಬಿರುತ್ತದೆ, ಎಳೆದರೆ ಹಿಗ್ಗಿ ತುಂಡಾಗುತ್ತದೆ. ಒದ್ದೆಯಲ್ಲೇ ಹೆಣೆದರೆ ಒಳಗಿನ ಪದರ ದಿನವೆಲ್ಲ ಆರದೆ ನಾರುತ್ತದೆ. ಸಿಕ್ಕನ್ನು ತುದಿಯಿಂದ ಬಿಡಿಸುತ್ತ ಮೇಲೇರಬೇಕೇ ಹೊರತು ಬುಡದಿಂದ ಕೆಳಗೆಳೆಯಬಾರದು. ಕೈಗೆ ಹತ್ತುವಷ್ಟೇ ಎಣ್ಣೆ ಸವರಬೇಕು. ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿದು ಅದರ ಸಸಾರಜನಕದ ನಷ್ಟವನ್ನು ತಗ್ಗಿಸುತ್ತದೆಂದೂ ಸೂರ್ಯಕಾಂತಿ ಎಣ್ಣೆ, ಖನಿಜ ತೈಲಗಳು ಹಾಗೆ ಮಾಡವೆಂದೂ ೨೦೦೩ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ತೋರಿಸಿತು.

ಇನ್ನು ಹೆಣಿಗೆ. ಹಣೆಯಂಚಿನಲ್ಲಿ, ಕಿವಿಯ ಮೇಲೆ ಬಿಗಿದು ಎಳೆದ ಜಡೆ ಒಂದು ದಿನಕ್ಕೆ ಚೆಂದ, ಐದು ದಿನಕ್ಕೆ ಅಪಾಯ. ಎಳೆತವೇ ಕಾರಣವಾಗಿ ಕೂದಲಂಚು ಹಿಂಜರಿಯುವುದನ್ನು ವೈದ್ಯರು ಗ್ರೀನ್‌ಲೆಂಡಿನ ಹೆಂಗಸರಲ್ಲಿ ಗುರುತಿಸಿ ೧೯೦೭ರಲ್ಲೇ ಬರೆದಿದ್ದರು. ಹುಬ್ಬು ಎತ್ತಿ ನೋಡುವಾಗ ನೆತ್ತಿ ಸೆಳೆದರೆ ಜಡೆ ಬಿಗಿಯಾಗಿದೆಯೆಂದು ತಿಳಿಯಬಹುದು. ಬುಡದಲ್ಲಿ ಸಡಿಲ, ನಡುವೆ ಸಮ, ತುದಿಯಲ್ಲಿ ತೆಳ್ಳಗಿನ ದಾರದ ಬದಲು ಬಟ್ಟೆಯ ಪಟ್ಟಿ ಅಥವಾ ಉಣ್ಣೆ: ಸೂತ್ರಕಾರನ ಉಣ್ಣೆಗೆ ಮಂತ್ರದ ಕಾರಣವೇನೇ ಇರಲಿ, ಅದು ಕೂದಲನ್ನು ಕೊಯ್ಯುವುದಿಲ್ಲ. ಮಲಗುವಾಗ ನುಣುಪು ಬಟ್ಟೆ ಸುತ್ತಿದರೆ ದಿಂಬಿನ ಉಜ್ಜಾಟದಿಂದ ಕೂದಲಿನ ಹೊರಪದರದ ಹುರುಪೆಗಳು ಏಳುವುದಿಲ್ಲ. ಹೀಗೆ ಸಿದ್ಧಗೊಳಿಸಿದ ಜಡೆ ಐದಾರು ದಿನ, ಬಹಳವೆಂದರೆ ಒಂದು ವಾರ ನಿಲ್ಲುತ್ತದೆ. ಆಮೇಲೆ ಬಿಚ್ಚಿ, ಬೆರಳಿನಿಂದ ಸಿಕ್ಕು ಬಿಡಿಸಿ, ನೆತ್ತಿಗೆ ಗಾಳಿಯಾಡಲು ಬಿಟ್ಟು, ಮುಂದಿನ ಸಲ ಬೈತಲೆಯನ್ನು ಸ್ವಲ್ಪ ಸರಿಸಿ ಹೆಣೆಯಬೇಕು. ವಾರಕ್ಕೊಮ್ಮೆ ಎರೆಯುವ ಕಟ್ಟಳೆ ಈ ಮಿತಿಗೆ ಸರಿಯಾಗಿ ಕೂಡುವುದು ಆಕಸ್ಮಿಕವೆಂದು ನನಗನ್ನಿಸುವುದಿಲ್ಲ. ಮೊಗ್ಗಿನ ಜಡೆಯ ವಿಷಯದಲ್ಲಿ ಮಾತ್ರ ನಮ್ಮ ಹಿರಿಯರು ಅಂದಕ್ಕಾಗಿ ನೋವನ್ನು ಒಪ್ಪಿದರು. ಆ ಭಾರವನ್ನು ಹೊತ್ತು ಮದುವೆಯ ದಿನವಿಡೀ ಕುಳಿತವರನ್ನೇ ಕೇಳಬೇಕು.

ಈ ಎಚ್ಚರ ತಪ್ಪಿದಲ್ಲಿ ಜಡೆ ಎರಡನೆಯ ಅರ್ಥದತ್ತ ಸರಿಯುತ್ತದೆ. ಎಣ್ಣೆಗೆ ಗತಿಯಿಲ್ಲದ ಮನೆ, ದೀರ್ಘಕಾಲದ ಜ್ವರ, ಹೇನು, ಬಾಚುವವರಿಲ್ಲದ ಮಗು ಇಷ್ಟು ಸಾಕು. ಉತ್ತರ ಕರ್ನಾಟಕ ಮತ್ತು ದಕ್ಷಿಣ ಮಹಾರಾಷ್ಟ್ರದಲ್ಲಿ ಹುಡುಗಿಯ ಕೂದಲು ಹೀಗೆ ಗಂಟುಗಟ್ಟಿದರೆ ಸವದತ್ತಿಯ ಎಲ್ಲಮ್ಮ ಅವಳನ್ನು ಕರೆದಳೆಂಬ ನಂಬಿಕೆಯಿದೆ. ಕತ್ತರಿಸಿದರೆ ಕೇಡೆಂಬ ಭಯ, ಮುತ್ತು ಕಟ್ಟುವುದೇ ಪರಿಹಾರವೆಂಬ ಒತ್ತಾಯ ಅದರ ಹಿಂದೆಯೇ ಬರುತ್ತವೆ. ಕರ್ನಾಟಕದ ದೇವದಾಸಿ ಸಮರ್ಪಣ ನಿಷೇಧ ಅಧಿನಿಯಮ ೧೯೮೨ರದು. ಮಹಾರಾಷ್ಟ್ರದ ಕಾಯಿದೆ ೨೦೦೫ರದು. ಕಾಯಿದೆಯ ಜೊತೆಗೆ ಕತ್ತರಿಯೂ ಬಂತು. ಸುಧಾರಕರು ಗಂಟುಗೂದಲನ್ನು ಕೊಳೆಯೆಂದು ತೆಗೆದರು. ಹೊತ್ತವರಲ್ಲಿ ಹಲವರು ಅದನ್ನು ದೇವಿಯ ಸಾನ್ನಿಧ್ಯವೆಂದು ಬಗೆದಿದ್ದರು. ಈ ಎರಡು ದೃಷ್ಟಿಗಳ ಘರ್ಷಣೆಯನ್ನು ಲೂಸಿಂಡಾ ರಾಂಬರ್ಗ್ ೨೦೦೯ರ ಪ್ರಬಂಧದಲ್ಲೂ ೨೦೧೪ರ ಗ್ರಂಥದಲ್ಲೂ ವಿಸ್ತಾರವಾಗಿ ಚರ್ಚಿಸಿದ್ದಾರೆ. ಅದಕ್ಕೂ ಮೊದಲು, ಎಡ್ಮಂಡ್ ಲೀಚ್ ೧೯೫೮ರಲ್ಲಿ ಕೂದಲನ್ನು ಸಮಾಜವೆಲ್ಲ ಓದಬಲ್ಲ ಸಂಕೇತವೆಂದರೆ, ಗಣನಾಥ ಒಬೇಸೇಕರರು ಕತರಗಾಮದ ಜಟಾಧಾರಿ ಸ್ತ್ರೀಯರನ್ನು ಕಂಡು ಬರೆದ ೧೯೮೧ರ ಕೃತಿಯಲ್ಲಿ ಪ್ರತಿ ಜಟೆಯ ಹಿಂದೆ ಒಬ್ಬೊಬ್ಬಳ ಸ್ವಂತ ಸಂಕಟವಿದೆಯೆಂದು ತೋರಿಸಿದರು. ನನಗೆ ಒಬೇಸೇಕರರ ಮಾತೇ ಹತ್ತಿರವೆನಿಸುತ್ತದೆ.

ಇದು ನಮ್ಮಲ್ಲಿ ಮಾತ್ರ ಇದ್ದ ಭಯವೆಂದು ತಿಳಿಯಬೇಕಾಗಿಲ್ಲ. ಪೋಲೆಂಡಿನ ಹಳ್ಳಿಗಳಲ್ಲಿಯೂ ಗಂಟುಗೂದಲನ್ನು ಕತ್ತರಿಸಿದರೆ ರೋಗ ಒಳಕ್ಕಿಳಿಯುತ್ತದೆಂಬ ನಂಬಿಕೆಯಿತ್ತು. ೧೯ನೆಯ ಶತಮಾನದ ಮಧ್ಯದಲ್ಲಿ ಕ್ರಾಕೋವಿನ ವೈದ್ಯ ಯೂಜೆಫ್ ಡೀಟ್ಲ್ ಅದರ ವಿರುದ್ಧ ಬಹುಕಾಲ ಹೋರಾಡಿದನು. ಅಲ್ಲಿ ದೇವಿಯಿರಲಿಲ್ಲ, ಸಮರ್ಪಣೆಯಿರಲಿಲ್ಲ. ಭಯ ಮಾತ್ರ ಒಂದೇ.

ಹೊರನಾಡಿನ ಸಂಶೋಧಕರಿಗೆ ಇಲ್ಲೊಂದು ತೊಡಕಿದೆ. ಮರಾಠಿಯ ವರದಿಗಳಲ್ಲಿ ‘ಜಟ ನಿರ್ಮೂಲನ’ ಎಂದು ಬರುವುದನ್ನು ಕನ್ನಡಕ್ಕೆ ತರುವಾಗ ‘ಜಡೆ ಕತ್ತರಿಸಿದರು’ ಎಂದುಬಿಟ್ಟರೆ ಓದುಗನಿಗೆ ಹೆಣ್ಣಿನ ಹೆರಳನ್ನು ಕೊಯ್ದು ಅವಮಾನಿಸಿದ ಚಿತ್ರ ಮೂಡುತ್ತದೆ. ‘ಜಟೆ’ ಎಂದರೆ ಋಷಿಯೊಬ್ಬ ಎದುರು ನಿಲ್ಲುತ್ತಾನೆ. ನಾಮಪದ ಸಹಾಯಕ್ಕೆ ಬಾರದ ಇಂಥಲ್ಲಿ ಕ್ರಿಯಾಪದವನ್ನು ನೋಡಬೇಕು. ಹೆಂಗಸು ಜಡೆಯನ್ನು ಹಾಕಿಕೊಳ್ಳುತ್ತಾಳೆ, ಹೆಣೆದುಕೊಳ್ಳುತ್ತಾಳೆ, ಬಿಚ್ಚುತ್ತಾಳೆ. ಅಲ್ಲಿ ಕರ್ತೃ ಅವಳು. ಇನ್ನೊಂದರಲ್ಲಿ ಕೂದಲೇ ಕರ್ತೃ: ಜಡೆಗಟ್ಟಿತು, ಜಡೆ ಬಂತು ಎನ್ನುತ್ತಾರೆ. ಬಂದ ಜಡೆ ಹೊಸದಾಗಿದ್ದರೆ ಎಣ್ಣೆಯಲ್ಲಿ ನೆನೆಸಿ, ತುದಿಯಿಂದ ಬೆರಳಲ್ಲೇ ಬಿಡಿಸಬಹುದು. ಹಳೆಯದಾದರೆ ಕತ್ತರಿಯೇ ಗತಿ. ಯಾವ ಹಂತದಲ್ಲಿ ಎಣ್ಣೆ ಹಿಡಿದವರು ಬಂದರು, ಯಾವ ಹಂತದಲ್ಲಿ ಕತ್ತರಿ ಹಿಡಿದವರು ಬಂದರು ಎಂಬುದನ್ನು ಸವದತ್ತಿಯ ಸುತ್ತಿನ ಕ್ಷೇತ್ರಕಾರ್ಯದಲ್ಲಿ ಕೇಳಿ ದಾಖಲಿಸುವ ಕೆಲಸ ಕನ್ನಡ ಮರಾಠಿ ಎರಡನ್ನೂ ಬಲ್ಲವರಿಂದ ಆಗಬೇಕಾಗಿದೆ. ಆ ಜಡೆ ಹೊತ್ತವರಲ್ಲಿ ಹಲವರು ಈಗ ಮುಪ್ಪಿನಲ್ಲಿದ್ದಾರೆ.