ಹಂಚಿನ ಮಾಡು ಹೋಯ್ತು, ಬೇಸ್ ರೂಮಲ್ಲೇ ಉಳೀತು

ಮಂಗಳೂರಿನ ಹಂಚಿಗೂ ನಿಮ್ಮ ರೂಮಿನ ಸಬ್‌ವೂಫರ್‌ಗೂ ಎಂತ ಸಂಬಂಧ? ಸಂಬಂಧ ಉಂಟು ಮಾರಾಯ್ರೆ. ಇವತ್ತು ಅದೇ ಕಥೆ.

ಮೊದಲು ಸಮಸ್ಯೆ ಏನಂತ ನೋಡುವ. ಹೊಸ ಫ್ಲ್ಯಾಟು, ಹತ್ತಡಿ ಅಗಲದ ರೂಮು, ಒಳ್ಳೆ ಸ್ಪೀಕರ್. ಹಾಡು ಹಾಕಿದರೆ ಬೇಸಿನ ಒಂದು ಸ್ವರಕ್ಕೆ ಮಾತ್ರ ಇಡೀ ರೂಮು "ಗುಂಯ್" ಅಂತದೆ, ಅದರ ಪಕ್ಕದ ಸ್ವರ ಸರಿಯಾಗಿ ಕೇಳುವುದೇ ಇಲ್ಲ. ಮಂಚದ ಮೇಲೆ ಕೂತರೆ ಒಂದು ಥರ, ಬಾಗಿಲ ಹತ್ತಿರ ನಿಂತರೆ ಇನ್ನೊಂದು ಥರ. ನಾವು ಎಂತ ಮಾಡ್ತೇವೆ? ಸ್ಪೀಕರಿಗೆ ಬೈದು ಇನ್ನೂ ದುಬಾರಿಯದ್ದು ಹುಡುಕ್ತೇವೆ. ಹೆಚ್ಚಿನ ಸಲ ತೊಂದರೆ ಇರುವುದು ಸ್ಪೀಕರಿನಲ್ಲಿ ಅಲ್ಲ, ರೂಮಿನಲ್ಲಿ.

ಲೆಕ್ಕ ಸುಲಭ. ನಮ್ಮ ಊರಿನ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1140 ಅಡಿ ಹೋಗ್ತದೆ. ಗೋಡೆಯಿಂದ ಗೋಡೆಗೆ ಹತ್ತಡಿ ಇದ್ದರೆ ಹೋಗಿ ಬರಲಿಕ್ಕೆ ಇಪ್ಪತ್ತಡಿ. 1140ನ್ನು 20ರಿಂದ ಭಾಗಿಸಿ, 57 ಬರ್ತದೆ. ಅಂದರೆ 57 ಹರ್ಟ್ಸ್ ಸ್ವರ ಬಂದಾಗ ಹೋಗುವ ಅಲೆ, ಬರುವ ಅಲೆ ಒಂದಕ್ಕೊಂದು ಕೈಜೋಡಿಸಿ ನಿಂತುಬಿಡ್ತವೆ. ಗೋಡೆಯ ಹತ್ತಿರ ಜೋರು, ರೂಮಿನ ನಡುವೆ ಹೆಚ್ಚುಕಡಿಮೆ ಮೌನ. ಇದಕ್ಕೆ ರೂಮ್ ಮೋಡ್ ಅಂತಾರೆ. ಉದ್ದ, ಅಗಲ, ಎತ್ತರ ಮೂರೂ ಹತ್ತಡಿ ಆದರೆ ಮೂರು ಮೋಡುಗಳೂ 57ರ ಮೇಲೆಯೇ ಬಂದು ಕೂರ್ತವೆ. ಎರಡನೇ ಮೋಡ್ 114 ಹರ್ಟ್ಸ್. ಅದು ಗಂಡಸರ ಮಾತಿನ ಸ್ವರ ಇರುವ ಜಾಗ. ಸಣ್ಣ ರೂಮಲ್ಲಿ ರೆಕಾರ್ಡ್ ಮಾಡಿದ ಪಾಡ್‌ಕಾಸ್ಟು ಡ್ರಮ್ಮಿನೊಳಗೆ ಕೂತು ಮಾತಾಡಿದ ಹಾಗೆ ಕೇಳುವುದು ಅದಕ್ಕೇ.

ಇದೇನೂ ಹೊಸ ವಿದ್ಯೆ ಅಲ್ಲ. ಇಂಗ್ಲೆಂಡಿನ ಲಾರ್ಡ್ ರೇಲಿ 1877-78ರಲ್ಲಿ ಪ್ರಕಟಿಸಿದ 'ಥಿಯರಿ ಆಫ್ ಸೌಂಡ್' ಪುಸ್ತಕದಲ್ಲೇ ಚೌಕಾಕಾರದ ಕೋಣೆಯ ಗಣಿತ ಉಂಟು. 1895ರಲ್ಲಿ ಹಾರ್ವರ್ಡಿನ ವ್ಯಾಲೇಸ್ ಸ್ಯಾಬಿನ್‌ಗೆ ಮಾತೇ ಅರ್ಥವಾಗದ ಒಂದು ಲೆಕ್ಚರ್ ಹಾಲನ್ನು ಸರಿಮಾಡುವ ಕೆಲಸ ಸಿಕ್ಕಿತು. ಇನ್ನೊಂದು ಥಿಯೇಟರಿನ ಸೀಟಿನ ಕುಶನ್‌ಗಳನ್ನು ರಾತ್ರಿ ಹೊತ್ತು ತಂದು ಹಾಕಿ, ಶಬ್ದ ಎಷ್ಟು ಹೊತ್ತು ಉಳೀತದೆ ಅಂತ ಅಳೆದರು. ಅಲ್ಲಿಂದ ರೂಮಿನ ಧ್ವನಿವಿಜ್ಞಾನ ಶುರುವಾಯ್ತು. ಆದರೆ ಒಂದು ವಿಷಯ ಗಮನಿಸಿ. ಆ ಮೊದಲ ಪ್ರಯೋಗಗಳಿಗೆ ಬಳಸಿದ್ದು 512 ಹರ್ಟ್ಸಿನ ಆರ್ಗನ್ ಪೈಪು. ಆ ಎತ್ತರದ ಸ್ವರವನ್ನು ಕುಶನ್ ಚೆನ್ನಾಗಿ ಕುಡೀತದೆ. 57 ಹರ್ಟ್ಸಿಗೆ ಆ ಕುಶನ್ ಲೆಕ್ಕಕ್ಕೇ ಇಲ್ಲ. ಸಣ್ಣ ಕೋಣೆಯ ಬೇಸಿಗೆ ಬೇರೆಯೇ ಲೆಕ್ಕ ಬೇಕು ಅಂತ ಮೋರ್ಸ್ ಮತ್ತು ಬೋಲ್ಟ್ ಎಂಬ ಅಮೆರಿಕದ ವಿಜ್ಞಾನಿಗಳು 1944ರಲ್ಲಿ ವಿವರವಾಗಿ ಬರೆದರು.

ಈಗ ಮಂಗಳೂರಿಗೆ ಬರುವ. 1865ರಲ್ಲಿ ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹಳೆ ಹಂಚು ಸಿಕ್ಕರೆ ತಿರುಗಿಸಿ ನೋಡಿ, ಆ ಇಸವಿಯ ಅಚ್ಚು ಇರಲಿಕ್ಕೂ ಸಾಕು. ಆ ಹಂಚು ನಮ್ಮ ಕರಾವಳಿಯ ಮನೆಗಳ ರೂಪವನ್ನೇ ಬದಲಿಸಿತು. ಕೆಂಪುಕಲ್ಲಿನ ಗೋಡೆ, ಮೇಲೆ ಪಕ್ಕಾಸು, ರೀಪು, ಅದರ ಮೇಲೆ ಇಳಿಜಾರಾಗಿ ಹಂಚು. ಹಂಚು ಹಂಚಿನ ನಡುವೆ ಸಣ್ಣ ಸಂದು, ಅದರಲ್ಲೇ ಸೆಕೆ ಹೊರಗೆ ಹೋಗ್ತದೆ. ಗಾಳಿ ಹೋಗುವ ದಾರಿಯಲ್ಲಿ ಬೇಸೂ ಹೋಗ್ತದೆ. ಕೆಲವು ಮನೆಗಳಲ್ಲಿ ಮಾಡಿನ ಕೆಳಗೆ ಮರದ ಮುಚ್ಚಿಗೆ ಇರ್ತಿತ್ತು. ತೆಳು ಹಲಗೆ, ಅದರ ಹಿಂದೆ ಖಾಲಿ ಜಾಗ. ಇವತ್ತು ಸ್ಟುಡಿಯೋದವರು ದುಡ್ಡು ಕೊಟ್ಟು ಕಟ್ಟಿಸುವ ಪ್ಯಾನೆಲ್ ಅಬ್ಸಾರ್ಬರಿನ ಕೆಲಸವೂ ಇಷ್ಟೇ: ಹಲಗೆ ತಾನು ನಡುಗಿ ತಗ್ಗು ಸ್ವರವನ್ನು ನುಂಗುವುದು. ಹಿಂದಿನವರು ಅದನ್ನು ಕಟ್ಟಿದ್ದು ಶಬ್ದಕ್ಕಾಗಿ ಅಲ್ಲ, ಆದರೆ ಉಪಕಾರ ಆಗಿತ್ತು.

ಇನ್ನು ಯಕ್ಷಗಾನ ಬಯಲಾಟ. ಕೊಯ್ಲಾದ ಗದ್ದೆಯಲ್ಲಿ ಮದ್ದಳೆಯ ತಗ್ಗು ನಾದಕ್ಕೆ ತಿರುಗಿ ಬರಲಿಕ್ಕೆ ಗೋಡೆಯೇ ಇಲ್ಲ. ಬಯಲಲ್ಲಿ ಮೋಡ್ ಎಲ್ಲಿಂದ ಬರಬೇಕು?

ಅತ್ತ ಸ್ಪೀಕರಿನ ಕಥೆ ಬೇರೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ, 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ 'ಆಕಾಶವಾಣಿ' ಶುರು ಮಾಡಿದರು. ಒಂದು ಲೆಕ್ಕದಲ್ಲಿ ನಮ್ಮ ಮೊದಲ ಹೋಂ ಸ್ಟುಡಿಯೋ ಅದು. ಮಂಗಳೂರಿಗೆ ಆಕಾಶವಾಣಿ ಬಂದದ್ದು 1976ರಲ್ಲಿ. ಆಗ ಮನೆಮನೆಯ ಟ್ರಾನ್ಸಿಸ್ಟರಿನಲ್ಲಿ ಇದ್ದದ್ದು ಮೂರು ನಾಲ್ಕು ಇಂಚಿನ ಸ್ಪೀಕರು. ಅದಕ್ಕೆ 57 ಹರ್ಟ್ಸ್ ಹೊರಡಿಸುವ ತಾಕತ್ತೇ ಇರಲಿಲ್ಲ. ಮನೆ ಬೇಸನ್ನು ಹೊರಗೆ ಬಿಡ್ತಿತ್ತು, ಆದರೆ ಒಳಗೆ ಬೇಸೇ ಇರಲಿಲ್ಲ!

ಆಮೇಲೆ ಎರಡೂ ಒಟ್ಟಿಗೆ ತಿರುಗಿದವು. ಹಂಚಿನ ಮನೆ ಇದ್ದಲ್ಲಿ ಆರ್‌ಸಿಸಿ ಸ್ಲ್ಯಾಬು, ಟೈಲ್ಸ್ ನೆಲ, ಗಟ್ಟಿಯಾಗಿ ಮುಚ್ಚುವ ಗಾಜಿನ ಕಿಟಕಿ. ಅದೇ ಹೊತ್ತಿಗೆ ಹೋಂ ಥಿಯೇಟರು, ಸಬ್‌ವೂಫರು. ಸ್ಪೀಕರ್ ತಗ್ಗು ಸ್ವರ ಕಲಿತದ್ದೂ ಮನೆ ಡಬ್ಬಿ ಆದದ್ದೂ ಒಟ್ಟಿಗೇ. ಮಳೆಗಾಲದಲ್ಲಿ ಕಿಟಕಿ ಹಾಕಿ ಕೂತರೆ ಕೇಳುವುದೇ ಬೇಡ. ಸ್ಲ್ಯಾಬು, ಗೋಡೆಗಳ ಮೂಲಕ ಅದೇ ಗುಂಯ್ ಕೆಳಗಿನ ಫ್ಲ್ಯಾಟಿನವರ ನಿದ್ದೆಗೂ ಹೋಗ್ತದೆ. ಜಗಳ ಶುರುವಾಗುವುದು ಅಲ್ಲಿಂದ.

ಪರಿಹಾರ ಎಂತ? ಮೊಟ್ಟೆಯ ಟ್ರೇ, ಒಂದಿಂಚಿನ ಫೋಮು ಬೇಡ. ಫೋಮಿನಂಥ ವಸ್ತು ಚೆನ್ನಾಗಿ ಕೆಲಸ ಮಾಡುವುದು ಅಲೆಯ ಉದ್ದದ ಕಾಲು ಭಾಗದಷ್ಟು ದೂರದಲ್ಲಿ. ನಮ್ಮ ಲೆಕ್ಕದ ಅಲೆ ಇಪ್ಪತ್ತಡಿ, ಕಾಲು ಭಾಗ ಅಂದರೆ ಐದಡಿ. ಒಂದಿಂಚು ಎಲ್ಲಿ, ಐದಡಿ ಎಲ್ಲಿ? ತೆಳು ಫೋಮು ಮೇಲಿನ ಸ್ವರಗಳನ್ನು ಮಾತ್ರ ತಿಂದು ಗುಂಯ್ ಎನ್ನುವುದನ್ನು ಹಾಗೇ ಬಿಡ್ತದೆ. ರೂಮು ಮೊದಲಿಗಿಂತ ಕೆಟ್ಟದಾಗಿ ಕೇಳ್ತದೆ.

ಬಿಟ್ಟಿ ಉಪಾಯ ಮೊದಲು. ಕೂರುವ ಜಾಗ ಬದಲಿಸಿ. ಸರೀ ನಡುವೆ ಬೇಡ, ಗೋಡೆಗೆ ಒರಗಿಯೂ ಬೇಡ. ಮೈಕ್ ಇಡುವುದಕ್ಕೂ ಇದೇ ನಿಯಮ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿಟ್ಟು, ಬೇಸ್ ಇರುವ ಹಾಡು ಹಾಕಿ, ಗೋಡೆಯ ಬದಿಯಲ್ಲಿ ಬಗ್ಗಿ ನಡೆಯಿರಿ. ಬೇಸ್ ಎಲ್ಲಿ ಸಮನಾಗಿ ಕೇಳ್ತದೋ ಅಲ್ಲಿ ಅದನ್ನು ಇಡಿ. ಬಾಗಿಲು ತೆರೆದರೆ ಹಂಚಿನ ಸಂದಿನ ಕೆಲಸ ಸ್ವಲ್ಪ ಆಗ್ತದೆ, ನೆರೆಯವರ ಮುಖ ನೋಡಿಕೊಂಡು. ಆಮೇಲೆ ಮೂಲೆಗಳು. ಮೋಡುಗಳೆಲ್ಲ ಜೋರಾಗಿರುವುದು ಅಲ್ಲೇ. ಆರಿಂಚು ದಪ್ಪದ ರಾಕ್‌ವೂಲನ್ನು ಮೂಲೆಗೆ ಅಡ್ಡಲಾಗಿ ನಿಲ್ಲಿಸಿ, ಹಿಂದೆ ಜಾಗ ಬಿಡಿ. ಸುರುಳಿ ಸುತ್ತಿದ ಹತ್ತಿ ಹಾಸಿಗೆಯೂ ಸ್ವಲ್ಪ ಉಪಯೋಗಕ್ಕೆ ಬರ್ತದೆ. ಇದು 114 ಹರ್ಟ್ಸಿಗೆ ಚೆನ್ನಾಗಿ, 57ಕ್ಕೆ ಕಡಿಮೆ. ಈಕ್ವಲೈಸರಿನಲ್ಲಿ ಗುಂಯ್ ಅನ್ನುವ ಸ್ವರವನ್ನು ತಗ್ಗಿಸಬಹುದು, ಮೌನ ಇರುವ ಜಾಗ ತುಂಬಿಸಲಿಕ್ಕೆ ಆಗುವುದಿಲ್ಲ.

ನಂಬಿಕೆ ಬಾರದಿದ್ದರೆ ಟೋನ್ ಜನರೇಟರ್ ಆ್ಯಪಿನಲ್ಲಿ 57 ಹರ್ಟ್ಸ್ ಹಾಕಿ. ಫೋನಿನ ಸ್ಪೀಕರಿನಲ್ಲಿ ಏನೂ ಕೇಳುವುದಿಲ್ಲ, ಅದು ಇವತ್ತಿನ ಟ್ರಾನ್ಸಿಸ್ಟರು. ದೊಡ್ಡ ಸ್ಪೀಕರಿಗೆ ಕನೆಕ್ಟ್ ಮಾಡಿ, ವಾಲ್ಯೂಮ್ ಸಣ್ಣದಿಟ್ಟು, ಒಂದು ಗೋಡೆಯಿಂದ ಎದುರು ಗೋಡೆಗೆ ಮೆಲ್ಲ ನಡೆಯಿರಿ. ಹತ್ತಡಿಗಿಂತ ದೊಡ್ಡ ರೂಮಾದರೆ 1140ನ್ನು ನಿಮ್ಮ ಅಡಿಯ ಎರಡು ಪಟ್ಟಿನಿಂದ ಭಾಗಿಸಿ. ದುಡ್ಡು ಖರ್ಚು ಮಾಡುವ ಮೊದಲು ಇಷ್ಟು ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗುವ.