ಹಳೆಯ ಗಣಕಯಂತ್ರಗಳೂ ಲಿನಕ್ಸ್ ಬಿಡುಗಡೆಗಳೂ: ಆಯ್ಕೆಯ ಒಂದು ಐತಿಹಾಸಿಕ ವಿವೇಚನೆ

ಹಳೆಯ ಗಣಕಯಂತ್ರಕ್ಕೆ ಹಳೆಯ ತಂತ್ರಾಂಶವೇ ಸಲ್ಲುವುದೆಂಬ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ಬಲವಾಗಿ ಬೇರೂರಿದೆ. ಮೇಲುನೋಟಕ್ಕೆ ಇದು ಯುಕ್ತವೆಂದೇ ತೋರುತ್ತದೆ. ಆದರೆ ಲಿನಕ್ಸಿನ ಮೂವತ್ತಕ್ಕೂ ಹೆಚ್ಚು ವರ್ಷಗಳ ಚರಿತ್ರೆಯನ್ನು ಪರಿಶೀಲಿಸಿದವರಿಗೆ ಈ ಮಾತು ಬಹುಮಟ್ಟಿಗೆ ತಪ್ಪೆಂದು ಕಾಣದಿರದು. ಯಂತ್ರವೊಂದು ಎಂದು ಹಳತಾಯಿತೆಂಬುದನ್ನು ಅದು ತಯಾರಾದ ವರ್ಷಕ್ಕಿಂತ ಹೆಚ್ಚಾಗಿ ತಂತ್ರಾಂಶ ನಿರ್ಮಾಪಕರ ನಿರ್ಣಯಗಳೇ ಗೊತ್ತುಮಾಡುತ್ತ ಬಂದಿವೆ. ಆ ನಿರ್ಣಯಗಳು ಎಂದು, ಏತಕ್ಕಾಗಿ ಆದುವೆಂಬುದನ್ನು ಅರಿತವನು ಆಯ್ಕೆಯಲ್ಲಿ ಎಡವುವುದು ಕಡಮೆ.

ಈ ಶಾಸ್ತ್ರದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಪ್ರೊಸೆಸರ್, ಮೆಮೊರಿ ಮೊದಲಾದ ಯಂತ್ರದ ಅವಯವಗಳನ್ನು ನೇರವಾಗಿ ಆಳುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಅದರೊಡನೆ ಪರದೆಯ ಮೇಲಣ ಡೆಸ್ಕ್‌ಟಾಪ್ ಮತ್ತಿತರ ಉಪಕರಣಗಳನ್ನು ಕೂಡಿಸಿ ಹೊರತರುವುದೇ ವಿತರಣೆ; ಡೆಬಿಯನ್, ಉಬುಂಟು ಇತ್ಯಾದಿಗಳು ಈ ವರ್ಗದವು. ವಿತರಣೆಯು ಕಾಲಕಾಲಕ್ಕೆ ಹೊಸ ಬಿಡುಗಡೆಗಳನ್ನು ಪ್ರಕಟಿಸಿ, ಹಳೆಯವುಗಳ ಪೋಷಣೆಯನ್ನು ನಿಲ್ಲಿಸುತ್ತದೆ. ಪೋಷಣೆ ನಿಂತ ಬಿಡುಗಡೆಗೆ ರಕ್ಷಣಾ ತಿದ್ದುಪಡಿಗಳು ಬರುವುದಿಲ್ಲ. ಜಾಲಕ್ಕೆ ಸೇರಿದ ಯಂತ್ರಕ್ಕೆ ಇದರಿಂದ ಒದಗುವ ಅಪಾಯ ಸಣ್ಣದಲ್ಲ.

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ತನ್ನ ಕರ್ನಲನ್ನು ಬರೆದದ್ದು ಇಂಟೆಲ್ಲಿನ 386 ಪ್ರೊಸೆಸರಿಗಾಗಿಯೇ. ಬೇರೆ ಯಂತ್ರಗಳಲ್ಲಿ ಅದು ನಡೆಯಲಾರದೆಂದೇ ಆತನು ಆಗ ಭಾವಿಸಿದ್ದನು. ಅದೇ 386ರ ಬೆಂಬಲವನ್ನು 2012ರ ಡಿಸೆಂಬರಿನಲ್ಲಿ ಕರ್ನಲ್ಲಿನಿಂದ ಕಿತ್ತುಹಾಕಲಾಯಿತು. 2013ರ ಫೆಬ್ರವರಿಯಲ್ಲಿ ಹೊರಬಂದ 3.8ನೆಯ ಆವೃತ್ತಿ 386ರ ಮೇಲೆ ನಡೆಯದು. ಅನಂತರದ ಪ್ರೊಸೆಸರುಗಳಲ್ಲಿದ್ದ ಕೆಲವು ಆದೇಶಗಳು 386ರಲ್ಲಿ ಇಲ್ಲದಿದ್ದುದರಿಂದ ಅದಕ್ಕಾಗಿಯೇ ಪ್ರತ್ಯೇಕ ಏರ್ಪಾಡುಗಳನ್ನು ಹೊತ್ತು ನಡೆಯಬೇಕಾಗಿತ್ತೆಂಬುದು ಕಾರಣ. ತೊಟ್ಟಿಲನ್ನೇ ಮಾರಿದ ಮನೆಯಂತೆ ಇದು ಕಂಡರೂ, ಅಷ್ಟು ಹಳೆಯ ಯಂತ್ರದಲ್ಲಿ ಡೆಸ್ಕ್‌ಟಾಪ್ ನಡೆಸುವವರು ಆ ವೇಳೆಗೆ ವಿರಳವಾಗಿದ್ದುದರಿಂದ ನಷ್ಟಪಟ್ಟವರು ಬಹಳ ಮಂದಿಯಿಲ್ಲ.

ನಿಜವಾದ ನಷ್ಟವಾದದ್ದು ಬೇರೊಂದು ನಿರ್ಣಯದಿಂದ. 32 ಬಿಟ್ಟಿನ ಪ್ರೊಸೆಸರು ಸಾಮಾನ್ಯವಾಗಿ 4 ಗಿಗಾಬೈಟ್ ಮೆಮೊರಿಯನ್ನು ಮಾತ್ರ ಎಣಿಸಬಲ್ಲದು. 1995ರ ಪೆಂಟಿಯಂ ಪ್ರೊ ಪ್ರೊಸೆಸರಿನೊಡನೆ ಬಂದ ಪಿಎಇ ಎಂಬ ವ್ಯವಸ್ಥೆಯು ಈ ಮಿತಿಯನ್ನು 64 ಗಿಗಾಬೈಟಿಗೆ ಏರಿಸಿತು. 2012ರ ಏಪ್ರಿಲಿನ ಉಬುಂಟು 12.04ರ ಕಾಲಕ್ಕೆ ಪಿಎಇ ಇರುವ ಕರ್ನಲ್ಲೇ ರೂಢಿಯಾಗಿ, ಅದಿಲ್ಲದ ಕರ್ನಲ್ ಲುಬುಂಟು, ಜುಬುಂಟು ಎಂಬ ಹಗುರ ರೂಪಗಳ ಅನುಸ್ಥಾಪಕಗಳಲ್ಲಿ ಮಾತ್ರ ಉಳಿದಿತ್ತು. ಅದೇ ವರ್ಷದ ಅಕ್ಟೋಬರಿನ 12.10ರಲ್ಲಿ ಅದೂ ಹೋಯಿತು. ಇದಕ್ಕೆ ಬಲಿಯಾದುವುಗಳಲ್ಲಿ ಮುಖ್ಯವಾದುವು 2003ರಿಂದ ಮಾರಾಟವಾದ ಪೆಂಟಿಯಂ ಎಂ ಲ್ಯಾಪ್‌ಟಾಪುಗಳು. ವಿಚಿತ್ರವೆಂದರೆ, ಈ ವರ್ಗದ ಮೊದಮೊದಲ ಅನೇಕ ಪ್ರೊಸೆಸರುಗಳಲ್ಲಿ ಪಿಎಇ ಇದ್ದೇ ಇತ್ತು; ಕೇಳಿದಾಗ ಮಾತ್ರ ಇಲ್ಲವೆಂದು ಹೇಳುತ್ತಿತ್ತು. ಸಾಲಗಾರನು ಬಂದಾಗ ಒಳಗಿದ್ದೇ ಇಲ್ಲವೆನ್ನಿಸುವ ಯಜಮಾನನ ನೆನಪು ಬರುತ್ತದೆ.

ಈ ಲೇಖಕನ ಆಸಕ್ತಿ ಹುಟ್ಟಿದ್ದೇ ಇಂತಹ ಒಂದು ಲ್ಯಾಪ್‌ಟಾಪಿನಿಂದ. ಶಾಸನಗಳ ಸೂಚಿಯನ್ನು ಸಿದ್ಧಪಡಿಸಲು ದೊರೆತ ಆ ಯಂತ್ರದ ಮೇಲೆ 12.10ರ ಮುದ್ರಿಕೆಯನ್ನು ಹಾಕಲು ಹೊರಟಾಗ, ಪ್ರೊಸೆಸರಿನಲ್ಲಿ ಪಿಎಇ ಇಲ್ಲವೆಂಬ ಒಂದು ಸಾಲನ್ನು ತೋರಿಸಿ ಕರ್ನಲ್ ಸುಮ್ಮನಾಯಿತು. ಹಿಂದಿನ ಬಿಡುಗಡೆಗೆ ಹೋಗುವುದೇ ಉಪಾಯವೆಂದು ಬಲ್ಲವರೆಲ್ಲರೂ ಹೇಳಿದರು. ನಾವೂ ಹೋದೆವು. ಆದರೆ 2014ರ ಉಬುಂಟು 14.04ರಲ್ಲಿಯೂ, ಅದೇ ವರ್ಷದ 3.15ನೆಯ ಕರ್ನಲ್ಲಿನಲ್ಲಿಯೂ ಫೋರ್ಸ್‌ಪಿಎಇ ಎಂಬ ಆದೇಶವೊಂದು ಸೇರಿತ್ತು. ಯಂತ್ರವನ್ನು ಎಬ್ಬಿಸುವಾಗ ಆ ಒಂದು ಪದವನ್ನು ಬರೆದರೆ ಪ್ರೊಸೆಸರಿನ ನಿರಾಕರಣೆಯನ್ನು ಕರ್ನಲ್ ಲಕ್ಷಿಸುವುದಿಲ್ಲ. ಅಂದರೆ 2012ರಲ್ಲಿ ಹೊರಗೆ ಹಾಕಲ್ಪಟ್ಟ ಯಂತ್ರವು 2014ರಲ್ಲಿ ಮರಳಿ ಒಳಗೆ ಬಂತು. 12.04ರಲ್ಲಿಯೇ ನಿಂತವರಿಗೆ ಪೋಷಣೆಯು 2017ರ ಏಪ್ರಿಲಿನಲ್ಲಿ ಮುಗಿಯಿತು. ಮುಂದಕ್ಕೆ ಬಂದವರಿಗೆ ಅದಕ್ಕಿಂತ ದೀರ್ಘವಾದ ಆಯುಸ್ಸು ದೊರೆಯಿತು. ಡೆಬಿಯನ್ ಇನ್ನೂ ಉದಾರವಾಗಿ, ಪಿಎಇ ಬೇಡದ ಕರ್ನಲೊಂದನ್ನು 2023ರ ಜೂನಿನ 12ನೆಯ ಬಿಡುಗಡೆಯವರೆಗೂ ಉಳಿಸಿಕೊಂಡಿತು.

ಹಳತಿಗೆ ಹಳತೇ ಎಂಬ ತತ್ತ್ವವನ್ನು ಕಟ್ಟಕಡೆಗೆ ಒಯ್ದ ವಿತರಣೆಯೆಂದರೆ ಡ್ಯಾಮ್ ಸ್ಮಾಲ್ ಲಿನಕ್ಸ್. 50 ಮೆಗಾಬೈಟಿನ ಮಿತಿಯನ್ನು ತಾನೇ ವಿಧಿಸಿಕೊಂಡು, 16 ಮೆಗಾಬೈಟ್ ಮೆಮೊರಿಯ 486ರಲ್ಲಿಯೂ ನಡೆಯುತ್ತೇನೆಂದು ಸಾರಿದ ಈ ವಿತರಣೆಯು, 2.6ರ ಕರ್ನಲ್ ಬಂದು ವರ್ಷಗಳಾದರೂ 2.4ರಲ್ಲಿಯೇ ನಿಂತಿತು. ಆದರೆ 2.4ರ ಶ್ರೇಣಿಯ ಕೊನೆಯ ಆವೃತ್ತಿ 2010ರ ಡಿಸೆಂಬರಿನಲ್ಲಿ ಹೊರಬಂತು. ಅಲ್ಲಿಗೆ ದಾರಿ ಮುಗಿಯಿತು. 2024ರಲ್ಲಿ ಈ ವಿತರಣೆಯನ್ನು ಪುನರುಜ್ಜೀವನಗೊಳಿಸಿದಾಗ ಅದರ ಗಾತ್ರ 700 ಮೆಗಾಬೈಟಿಗೆ ಏರಿತ್ತು, ತಳಹದಿಯಾಗಿ ಆಂಟಿಎಕ್ಸ್ ವಿತರಣೆಯನ್ನು ಆರಿಸಿಕೊಳ್ಳಲಾಗಿತ್ತು.

ಕನ್ನಡಿಗರಿಗೆ ಈ ಹಗುರತನದ ಬೆಲೆ ಇನ್ನೊಂದು ಬಗೆಯಲ್ಲಿಯೂ ತಗುಲಿತು. ಕನ್ನಡದ ಒತ್ತಕ್ಷರಗಳನ್ನು ಪರದೆಯ ಮೇಲೆ ಸರಿಯಾಗಿ ಕೂಡಿಸುವುದಕ್ಕೆ ಪ್ಯಾಂಗೊವಿನಂತಹ ಅಕ್ಷರ ಜೋಡಣೆಯ ಉಪಕರಣ ಬೇಕು. ಇದು 2002ರ ಜಿಟಿಕೆ 2ರೊಡನೆ ಬಂದದ್ದು. ಮೆಮೊರಿಯನ್ನು ಉಳಿಸಲು ಹಿಂದಿನ ಜಿಟಿಕೆ 1ನ್ನೇ ನೆಚ್ಚಿದ ಡೆಸ್ಕ್‌ಟಾಪುಗಳಲ್ಲಿ ಇಂಗ್ಲಿಷ್ ಚೆನ್ನಾಗಿಯೇ ಕಾಣುತ್ತಿತ್ತು; ಕನ್ನಡ ಮಾತ್ರ ಬಿಡಿಬಿಡಿಯಾಗಿ ಚೆದುರುತ್ತಿತ್ತು. ಶಾಸನಪಾಠವನ್ನು ಅಂತಹ ಪರದೆಯಲ್ಲಿ ತಿದ್ದುವುದು ಅಸಾಧ್ಯವೆಂದೇ ಹೇಳಬೇಕು. ಆದುದರಿಂದ ನಮ್ಮ ಕಾರ್ಯಕ್ಕೆ ಎಕ್ಸ್ಎಫ್‌ಸಿಇ, ಎಲ್ಎಕ್ಸ್‌ಕ್ಯೂಟಿ ಮುಂತಾದ, ಹಗುರವಾಗಿದ್ದೂ ಅಕ್ಷರವನ್ನು ಕೆಡಿಸದ ಡೆಸ್ಕ್‌ಟಾಪುಗಳಿಗಿಂತ ಕೆಳಗೆ ಇಳಿಯುವಂತಿಲ್ಲ.

ಹಳೆಯ ಕರ್ನಲಿನ ಪಕ್ಷದಲ್ಲಿ ವಾದವೇ ಇಲ್ಲವೆಂದಲ್ಲ. ಎನ್ವಿಡಿಯಾ ಕಂಪನಿಯು ತನ್ನ ಹಳೆಯ ಚಿತ್ರಕಾರ್ಡುಗಳಿಗೆ ಕೊಟ್ಟ 340ನೆಯ ಶ್ರೇಣಿಯ ಚಾಲಕ ತಂತ್ರಾಂಶದ ಪೋಷಣೆಯು 2019ರ ಕೊನೆಗೆ ನಿಂತಿತು. ಅನಂತರದ ಕರ್ನಲುಗಳೊಡನೆ ಅದು ತಾನಾಗಿ ಹೊಂದಿಕೊಳ್ಳದು. ಮೂಲವನ್ನು ಮುಚ್ಚಿಟ್ಟುಕೊಂಡ ಚಾಲಕವನ್ನು ನೆಚ್ಚಿದರೆ ಕರ್ನಲನ್ನೂ ಅದರೊಡನೆ ಕಟ್ಟಿಹಾಕಬೇಕಾಗುತ್ತದೆ. ಮುಕ್ತವಾದ ನೋವೋ ಚಾಲಕವು ವೇಗದಲ್ಲಿ ಹಿಂದಾದರೂ ಕರ್ನಲಿನೊಡನೆಯೇ ಬೆಳೆಯುವುದರಿಂದ, ಬರಹದ ಕಾರ್ಯಕ್ಕೆ ಅದೇ ಲೇಸೆಂದು ನಮ್ಮ ಅಭಿಪ್ರಾಯ.

2025ರ ಆಗಸ್ಟಿನಲ್ಲಿ ಪ್ರಕಟವಾದ ಡೆಬಿಯನ್ 13ರಲ್ಲಿ 32 ಬಿಟ್ಟಿನ ಪಿಸಿಗಳಿಗೆ ಅನುಸ್ಥಾಪಕವೂ ಇಲ್ಲ, ಕರ್ನಲೂ ಇಲ್ಲ. 2006ರ ಕೋರ್ 2 ಯಂತ್ರಗಳು 64 ಬಿಟ್ಟಿನವಾದುದರಿಂದ ಇದರಿಂದ ಪಾರಾದುವು. ಆದರೆ 2022ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಅವುಗಳನ್ನೂ ಆಗಲೇ ಹೊರಗಿಟ್ಟಿದೆ, ಅದು ಅಪೇಕ್ಷಿಸುವ ಕೆಲವು ಆದೇಶಗಳು ಅವುಗಳಲ್ಲಿ ಇಲ್ಲ. ಹೀಗೆ ಒಂದೇ ಯಂತ್ರವು ಒಂದು ವಿತರಣೆಯಲ್ಲಿ ಹೊಸದು, ಇನ್ನೊಂದರಲ್ಲಿ ಹಳತು. ಆದಕಾರಣ ಪ್ರೊಸೆಸರಿನ ಗುಣಗಳನ್ನು ಮೊದಲು ತಿಳಿದು, ಅದರ ಮೇಲೆ ನಡೆಯಬಲ್ಲ ಕರ್ನಲುಗಳಲ್ಲಿ ಪೋಷಣೆಯಿರುವ ಅತ್ಯಂತ ಹೊಸದನ್ನು ಕೊಡುವ ಬಿಡುಗಡೆಯನ್ನು ಹುಡುಕುವುದೇ ಸರಿಯಾದ ಕ್ರಮ. ಡೆಸ್ಕ್‌ಟಾಪಿನ ವಿಚಾರ ಆಮೇಲಿನದು.

ನಮ್ಮ ಪೆಂಟಿಯಂ ಎಂ ಯಂತ್ರವು ಈಗ ಡೆಬಿಯನ್ 12ರ ಮೇಲೆ, 6.1ರ ಕರ್ನಲಿನೊಡನೆ ನಡೆಯುತ್ತಿದೆ. ಆ ಬಿಡುಗಡೆಯ ದೀರ್ಘಾವಧಿ ಪೋಷಣೆಗೆ ನಿಗದಿಯಾದ ಗಡುವು 2028ರ ಜೂನ್ 30. ಸೂಚಿಯ ಪ್ರತಿಯೊಂದನ್ನು 64 ಬಿಟ್ಟಿನ ಯಂತ್ರಕ್ಕೆ ಸಾಗಿಸುವ ಕಾರ್ಯವನ್ನು ಈಗಾಗಲೇ ಆರಂಭಿಸಿದ್ದೇವೆ.